ಡಿ.ಎಡ್. (ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿ) ಕಾಲೇಜು ಲೈಬ್ರರಿಯಲ್ಲಿ ಶಾಲಾ ಪಠ್ಯಪುಸ್ತಕ, ನಲಿ-ಕಲಿ ಕಾರ್ಡು
ಪ್ರಶ್ನೆ: ಪಠ್ಯಪುಸ್ತಕ ಪರಿಷ್ಕರಣೆಯಾದಾಗ ಹಳೆಯವನ್ನು ತೆಗೆದುಬಿಡಬೇಕೇ? ನಲಿ-ಕಲಿ (ಚಿಕ್ಕ ತರಗತಿಗಳ ಚಟುವಟಿಕೆ ಆಧಾರಿತ ಕಲಿಕೆ) ಕಾರ್ಡುಗಳು ಕಳೆಯದಂತೆ ಏನು ಮಾಡುವುದು? ಭೂಪಟಗಳನ್ನು ಹೇಗಿಡುವುದು?

ಉತ್ತರ 1: ತೆಗೆಯಬೇಡಿ ಸರ್. ಪ್ರತಿ ಆವೃತ್ತಿಯದೂ ಒಂದು ಪ್ರತಿ ರೆಫರೆನ್ಸ್‌ಗೆ ಇರಲಿ, ಬೆನ್ನಿನ ಮೇಲೆ ಮುದ್ರಣದ ವರ್ಷ ಬರೆಯಿರಿ. ವರ್ಷ ಕಾಣದಿದ್ದರೆ ತರಬೇತಿಯ ವಿದ್ಯಾರ್ಥಿಗಳು ಹಳೇ ಪಾಠಕ್ಕೇ ಪಾಠಯೋಜನೆ ಬರೆದುಕೊಂಡು ಅಭ್ಯಾಸಶಾಲೆಗೆ (ಪಾಠ ಮಾಡಿ ಕಲಿಯುವ ಶಾಲೆಗೆ) ಹೋಗಿಬಿಡುತ್ತಾರೆ. ಎರವಲಿಗೆ ಈಗಿನದು ಮಾತ್ರ, ತಲಾ 4-5 ಪ್ರತಿ.

ಉತ್ತರ 2: ಒಂದು ಕಾರ್ಡು ಹೋದರೂ ಕಲಿಕಾ ಏಣಿಯ (ಮಕ್ಕಳು ಒಂದೊಂದಾಗಿ ಏರುವ ಕಲಿಕೆಯ ಹಂತಗಳ) ಮೆಟ್ಟಿಲೇ ಹೋದಂತೆ. ಇಡೀ ಸೆಟ್ಟಿಗೆ ಒಂದೇ ನೋಂದಣಿ ಸಂಖ್ಯೆ ಕೊಟ್ಟು, ಅದನ್ನು ಪ್ರತಿ ಕಾರ್ಡಿನ ಹಿಂದೆಯೂ ಬರೆಯಿರಿ. ಡಬ್ಬದ ಮುಚ್ಚಳದ ಒಳಗೆ ಕಾರ್ಡುಗಳ ಪಟ್ಟಿ ಅಂಟಿಸಿ. ವಾಪಸ್ ಬಂದಾಗ ತಂದವರ ಎದುರಲ್ಲೇ ಎಣಿಸಿ. ರಬ್ಬರ್ ಬ್ಯಾಂಡ್ ಬೇಡವೇ ಬೇಡ, ಬೇಸಿಗೆಯಲ್ಲಿ ಜಿಗುಟಾಗಿ ಕಾರ್ಡಿಗೆ ಅಂಟಿಕೊಳ್ಳುತ್ತೆ. ನೂಲಿನ ಲಾಡಿ ಕಟ್ಟಿ.

ಉತ್ತರ 3: ಭೂಪಟಗಳನ್ನು ಮಡಚದೆ ಸುತ್ತಿಡಿ. ಮಡಿಕೆಯಲ್ಲೇ ಮೊದಲು ಹರಿಯುವುದು.