ಸಹಾಯ ಬೇಕು: ಎಸ್‌ಎಜಿ ಹಾಕಿದರೂ ಜಿಎಲ್‌ಐ1 ಏರುತ್ತಿಲ್ಲ

ಹೆಡ್ಜ್‌ಹಾಗ್ ಸಿಗ್ನಲಿಂಗ್ (ಕೋಶಗಳಿಗೆ ಬೆಳವಣಿಗೆಯ ಸೂಚನೆ ಸಾಗಿಸುವ ಪಥ) ಮೇಲೆ ಕೆಲಸ ಮಾಡುವವರು ಇದ್ದರೆ ದಯವಿಟ್ಟು ನೋಡಿ. ಎಸ್‌ಎಜಿ ಈ ಪಥವನ್ನು ಚಾಲೂ ಮಾಡುವ ರಾಸಾಯನಿಕ, ಜಿಎಲ್‌ಐ1 ಪಥ ಚಾಲೂ ಆದಾಗ ಏರಬೇಕಾದ ಜೀನ್.

ಎನ್‌ಐಎಚ್ 3ಟಿ3 ಕೋಶಗಳು (ಲ್ಯಾಬಿನಲ್ಲಿ ಬೆಳೆಸುವ ಇಲಿಯ ಫೈಬ್ರೊಬ್ಲಾಸ್ಟ್), 24 ವೆಲ್ ಪ್ಲೇಟ್. ಕೋಶಗಳು ವೆಲ್ ಪೂರ್ತಿ ತುಂಬಿದ ಮೇಲೆ ಸೀರಂ 10%ರಿಂದ 0.5%ಗೆ ಇಳಿಸಿ, 24 ಗಂಟೆ ಬಿಟ್ಟು 100 ನ್ಯಾನೊಮೋಲಾರ್ ಎಸ್‌ಎಜಿ. ಮತ್ತೆ 24 ಗಂಟೆಗೆ ಆರ್‌ಎನ್‌ಎ ತೆಗೆದು ಕ್ಯುಪಿಸಿಆರ್ (ಜೀನ್ ಎಷ್ಟು ಚಾಲೂ ಇದೆ ಎಂದು ಅಳೆಯುವ ವಿಧಾನ). ಬರೀ ದ್ರಾವಕ ಹಾಕಿದ ಡಿಎಂಎಸ್‌ಒ ಕಂಟ್ರೋಲ್‌ಗೆ ಹೋಲಿಸಿದರೆ ಜಿಎಲ್‌ಐ1 ಎರಡು ಪಟ್ಟೂ ಆಗುತ್ತಿಲ್ಲ, ಇದೇ ಪಥದ ಇನ್ನೊಂದು ಜೀನ್ ಪಿಟಿಸಿಎಚ್1 ಕೂಡ ಅಲ್ಲೇ ಇದೆ. ಹೋಲಿಕೆಗೆ ಬಳಸುವ ಜೀನ್ ಜಿಎಪಿಡಿಎಚ್ ಸ್ಥಿರವಾಗಿದೆ, ಹಾಗಾಗಿ ಆರ್‌ಎನ್‌ಎ ಮೇಲೆ ಅನುಮಾನವಿಲ್ಲ.

ಡೋಸ್ ಏರಿಸಿ ಎನ್ನಬೇಡಿ. ಮೈಕ್ರೋಮೋಲಾರ್ ಮಟ್ಟ ಮೀರಿದರೆ ಎಸ್‌ಎಜಿಯೇ ಪಥವನ್ನು ತಡೆಯುತ್ತದೆ. ಅನುಮಾನ ಇರುವುದು ಪ್ರೈಮರಿ ಸಿಲಿಯಂ (ಕೋಶದ ಮೇಲಿನ ಕೂದಲಿನಂಥ ಎಳೆ) ಮೇಲೆ: ಎಸ್‌ಎಜಿ ಚಾಲೂ ಮಾಡುವ ಪ್ರೋಟೀನ್ ಎಸ್‌ಎಂಒ ಅದರೊಳಗೆ ಸೇರದೆ ಸಿಗ್ನಲ್ ಮುಂದೆ ಹೋಗದು, ವಿಭಜಿಸುತ್ತಿರುವ ಕೋಶ ಸಿಲಿಯಂ ಕಳಚಿಕೊಂಡಿರುತ್ತದೆ. ಹಳೆಯ ಪ್ಯಾಸೇಜಿನ (ಹಲವು ಬಾರಿ ಹೊಸ ಪ್ಲೇಟಿಗೆ ಬದಲಿಸಿ ಬೆಳೆಸಿದ) 3ಟಿ3 ತುಂಬಿದ ಮೇಲೂ ಬೆಳೆಯುತ್ತಲೇ ಇರುತ್ತದಲ್ಲ!

ಈ ಪಾಸಿಟಿವ್ ಕಂಟ್ರೋಲ್ ಇಲ್ಲದೆ ಮುಂದಿನ ಪ್ರಯೋಗಕ್ಕೆ ಅರ್ಥವಿಲ್ಲ. ಭ್ರೂಣದ ನರಕೊಳವೆ, ಬೆರಳುಗಳನ್ನು ರೂಪಿಸುವ ಈ ಪಥವೇ ಪಿಟಿಸಿಎಚ್1 ಕೆಟ್ಟಾಗ ಮೆಡುಲ್ಲೊಬ್ಲಾಸ್ಟೋಮಾ ಎಂಬ ಮೆದುಳಿನ ಕ್ಯಾನ್ಸರ್‌ಗೆ ದಾರಿ ಮಾಡುತ್ತದೆ. ಅಲ್ಲಿ ವಿಸ್ಮೊಡೆಗಿಬ್ ಎಂಬ ಔಷಧ ಎಸ್‌ಎಂಒವನ್ನು ತಡೆಯುತ್ತದೆ. ಪಥದ ಮುಂದಿನ ಹಂತದ ಜೀನ್ ಎಸ್‌ಯುಎಫ್‌ಯು ಕೆಟ್ಟಿದ್ದರೆ ದೋಷ ಎಸ್‌ಎಂಒ ಆಚೆಗಿರುವುದರಿಂದ ಔಷಧ ನಾಟದು. ಈ ವ್ಯತ್ಯಾಸವನ್ನೇ ಅಳೆಯಬೇಕಿದೆ.

ಕೇಳಬೇಕಾದದ್ದು:
ಎಷ್ಟನೇ ಪ್ಯಾಸೇಜಿನವರೆಗೆ 3ಟಿ3 ನಂಬುತ್ತೀರಿ?
ಎಆರ್‌ಎಲ್13ಬಿ (ಸಿಲಿಯಂ ಗುರುತಿಸುವ ಪ್ರೋಟೀನ್), ಗಾಮಾ ಟ್ಯುಬ್ಯುಲಿನ್ (ಸಿಲಿಯಂ ಬುಡದ ಪ್ರೋಟೀನ್) ಎರಡನ್ನೂ ಒಂದೇ ಸ್ಲೈಡಿನಲ್ಲಿ ನೋಡಲು ಕೋಶಗಳನ್ನು ಸ್ಥಿರಗೊಳಿಸಲು ಪಿಎಫ್‌ಎ ಸಾಕೇ, ತಣ್ಣನೆಯ ಮೆಥನಾಲ್ ಬೇಕೇ?
ಎಸ್‌ಎಜಿ 48 ಗಂಟೆ ಇಟ್ಟು ನೋಡಿದವರಿದ್ದೀರಾ?