ಪದಚರ್ಚೆ: ರೇಡಿಯೇಟರ್ ನೀರು ‘ಬಸಿಯುವುದೋ’ ‘ಬರಿದು ಮಾಡುವುದೋ’?

ಪ್ರಶ್ನೆ: ಬ್ರಿಟನ್ನಿನಲ್ಲಿರುವ ಕನ್ನಡದವರಿಗಾಗಿ ಮನೆಯ ಸೆಂಟ್ರಲ್ ಹೀಟಿಂಗ್ (ಬಾಯ್ಲರಿನ ಬಿಸಿನೀರನ್ನು ಪೈಪುಗಳಲ್ಲಿ ಹರಿಸಿ, ಗೋಡೆಯ ರೇಡಿಯೇಟರುಗಳಿಂದ ಕೋಣೆ ಬೆಚ್ಚಗಿಡುವ ಏರ್ಪಾಡು) ಬಗ್ಗೆ ಕೈಪಿಡಿಯೊಂದು ಸಿದ್ಧವಾಗುತ್ತಿದೆ. ರೇಡಿಯೇಟರನ್ನು ಬೇರೆ ಗೋಡೆಗೆ ಸರಿಸುವ ಮೊದಲು ಮಾಡುವ ‘ಡ್ರೈನ್ ಡೌನ್’ಗೆ (ಒಳಗಿನ ನೀರು ತೆಗೆಯುವುದು) ಕರಡಿನಲ್ಲಿ ‘ಬರಿದು ಮಾಡು’ ಎಂದಿದೆ. ‘ಬಸಿ’ ವಾಸಿಯೇ? ‘ಡ್ರೈನ್ ಕಾಕ್’ (ನೀರು ಹೊರಬಿಡುವ ಪುಟ್ಟ ನಲ್ಲಿ), ‘ಸ್ಲಡ್ಜ್’ (ತಳದಲ್ಲಿ ಕೂರುವ ಗಸಿ), ‘ಬ್ಲೀಡ್’ (ರೇಡಿಯೇಟರಿನ ಮೇಲ್ತುದಿಯ ಗಾಳಿ ತಿರುಪನ್ನು ಕೀಲಿಯಿಂದ ತೆರೆಯುವುದು) ಇವಕ್ಕೆ ಏನೆನ್ನೋಣ? ‘ಬ್ಲೀಡ್’ಗೆ ‘ರಕ್ತಸ್ರಾವ’ ಎಂದು ಬಂದುಬಿಟ್ಟಿದೆ, ಅದಂತೂ ಹೋಗಲೇಬೇಕು.

ಉತ್ತರ 1: ಎರಡೂ ಇರಲಿ, ಕೆಲಸವೇ ಎರಡು. ಗೋಡೆಗೆ ಬಣ್ಣ ಹೊಡೆಯಲು ರೇಡಿಯೇಟರ್ ಇಳಿಸುವುದಾದರೆ ಅದರ ಎರಡು ತುದಿಯ ವಾಲ್ವ್ ಮುಚ್ಚಿ, ಅದೊಂದನ್ನೇ ಬರಿದು ಮಾಡಿದರೆ ಸಾಕು. ಜಾಗ ಬದಲಿಸುವುದಾದರೆ 15 ಮಿ.ಮೀ. ಪೈಪನ್ನೇ ಕತ್ತರಿಸಿ ಬೆಸೆಯಬೇಕು, ವಾಲ್ವುಗಳೂ ಕಳಚುತ್ತವೆ. ಆಗ ಇಡೀ ಜಾಲದ ನೀರು ಹೋಗಬೇಕು. ಇದಕ್ಕೆ ‘ಬಸಿ’.

ಆದರೆ ‘ರೇಡಿಯೇಟರ್ ಬಸಿಯಿರಿ’ ಎಂದು ಬರೆಯಬೇಡಿ. ಅನ್ನ ಬಸಿಯುತ್ತೇವೆ, ಗಂಜಿ ಬಸಿಯುತ್ತೇವೆ, ಪಾತ್ರೆ ಬಸಿಯುವುದಿಲ್ಲ. ‘ನೀರು ಬಸಿಯಿರಿ’ ಎಂದೇ ಆಗಬೇಕು. ‘ನೀರಿಳಿಸು’ ಇನ್ನೂ ಸಲೀಸು, ಆದರೆ ಪತ್ರಿಕೆಗಳು ಅದನ್ನು ಮಂತ್ರಿಗಳಿಗೆ ಮೀಸಲಿಟ್ಟಿವೆ.

‘ಡ್ರೈನ್ ಕಾಕ್’ಗೆ ‘ತೂಬು’ ಎನ್ನಿ. ಕೆರೆಯ ತೂಬಿನಂತೆ ಇದೂ ತಗ್ಗಿನಲ್ಲೇ ಇರುತ್ತದೆ, ಸಾಮಾನ್ಯವಾಗಿ ನೆಲ ಅಂತಸ್ತಿನ ಯಾವುದೋ ರೇಡಿಯೇಟರಿನ ಬುಡದಲ್ಲಿ. ಬಾಯ್ಲರ್ ಆರಿಸಿ, ವಿದ್ಯುತ್ ತೆಗೆದು, ನೀರು ತಣ್ಣಗಾದ ಮೇಲೆಯೇ ಅದಕ್ಕೆ ಕೈ ಹಾಕುವುದು. ಮೊದಲು ಒಳಬರುವ ನೀರು ನಿಲ್ಲಬೇಕು: ಅಟ್ಟದಲ್ಲಿ ತೊಟ್ಟಿಯಿದ್ದರೆ ಅದರ ಬಾಲ್‌ವಾಲ್ವನ್ನು ಅಡ್ಡಕೋಲಿಗೆ ಎತ್ತಿ ಕಟ್ಟಿ, ತೊಟ್ಟಿಯಿಲ್ಲದ ಒತ್ತಡದ ಜಾಲವಾದರೆ ಫಿಲ್ಲಿಂಗ್ ಲೂಪ್ (ನಲ್ಲಿನೀರನ್ನು ಜಾಲಕ್ಕೆ ತುಂಬುವ ಕೊಳವೆ) ಮುಚ್ಚಿರಲಿ. ಅರ್ಧ ಇಂಚಿನ ಹೋಸ್ ಪೈಪನ್ನು ತೂಬಿಗೆ ಕ್ಲಿಪ್ ಹಾಕಿ ಬಿಗಿದು, ಇನ್ನೊಂದು ತುದಿಯನ್ನು ತೂಬಿಗಿಂತ ತಗ್ಗಿನ ಚರಂಡಿಗೆ ಬಿಡಿ. ಚೌಕದ ಸ್ಪಿಂಡಲ್ ತಿರುಗಿದರೂ ನೀರು ಬಾರದಿದ್ದರೆ ಒಳಗಿನ ವಾಷರ್ ಅಂಟಿಕೊಂಡಿದೆ ಅಥವಾ ಹೂಳು ಕಟ್ಟಿದೆ. ತೂಬಿನ ಬಾಯೊಳಗೆ ತಂತಿ ತೂರಿಸಿ ಕೆದಕಿದರೆ ಹೂಳು ಬಿಡುತ್ತದೆ. ವಾಷರ್ ಮಾತ್ರ, ನೀರು ಬಸಿದ ಮೇಲೆ ಹೊಸದು ಹಾಕುವುದೇ ಸರಿ. ಇಲ್ಲವಾದರೆ ಮತ್ತೆ ತುಂಬಿದಾಗ ತೂಬು ಸೋರುತ್ತದೆ.

ಹೌದು, ‘ಸ್ಲಡ್ಜ್’ಗೆ ‘ಹೂಳು’. ‘ಕೆಸರು’ ಒಪ್ಪುವುದಿಲ್ಲ, ಅದು ಮಣ್ಣಿನದು. ಇದು ಉಕ್ಕು ತುಕ್ಕು ಹಿಡಿದು ತಳ ಸೇರಿದ ಕಪ್ಪು ಕಬ್ಬಿಣದ ಆಕ್ಸೈಡ್. ಕಾರ್ಪೆಟ್ಟಿಗೆ ಬಿದ್ದರೆ ಕಲೆ ಹೋಗದು. ನೀರು ಬಸಿದರೂ ಇದು ಉಳಿಯುತ್ತದೆ. ಹಾಗಾಗಿ ರೇಡಿಯೇಟರ್ ಕಳಚುವಾಗ ಕೆಳಗೆ ತಟ್ಟೆ, ಹಳೆ ಟವೆಲ್ ಇರಬೇಕು. ಹೊರಗೊಯ್ದು ಹೋಸ್‌ನಿಂದ ತೊಳೆದರೆ ಅದೇ ಹೂಳೆತ್ತುವುದು.

ಉತ್ತರ 2: ತೂಬು, ಹೂಳು ಎರಡಕ್ಕೂ ಒಪ್ಪಿಗೆ. ‘ಬ್ಲೀಡ್’ಗೆ ಎಲ್ಲರೂ ‘ಗಾಳಿ ಬಿಡು’ ಎನ್ನುತ್ತಾರೆ, ಎಡವುವುದು ಅಲ್ಲೇ. ಅದೇ ಕೀಲಿ, ಅದೇ ತಿರುಪು, ಗಾಳಿಯ ದಿಕ್ಕು ಮಾತ್ರ ಉಲ್ಟಾ. ಬಸಿಯುವಾಗ ಗಾಳಿ ಒಳಗೆ ಹೋಗಬೇಕು, ಇಲ್ಲದಿದ್ದರೆ ಬೆರಳಿನಿಂದ ಮೇಲ್ಬಾಯಿ ಮುಚ್ಚಿದ ಕೊಳವೆಯಂತೆ ನೀರು ನಿಂತುಬಿಡುತ್ತದೆ. ಆದ್ದರಿಂದ ‘ಗಾಳಿ ಒಳಬಿಡಿ’: ತೂಬು ಹರಿಯತೊಡಗಿ ಒತ್ತಡ ಇಳಿದ ಮೇಲೆ, ಮಹಡಿಯಿಂದ ಆರಂಭಿಸಿ ಕೆಳಕ್ಕೆ. ಮೊದಲೇ ತೆರೆದರೆ ಕಪ್ಪುನೀರು ಗೋಡೆಗೆ ಚಿಮ್ಮುತ್ತದೆ. ತುಂಬುವಾಗ ‘ಗಾಳಿ ಹೊರಬಿಡಿ’: ಎಲ್ಲ ತಿರುಪು, ತೂಬು ಮುಚ್ಚಿ, ಕೆಳ ಅಂತಸ್ತಿನಿಂದ ಮೇಲಕ್ಕೆ. ಒತ್ತಡದ ಜಾಲವಾದರೆ ತಣ್ಣಗಿರುವಾಗ 1ರಿಂದ 1.5 ಬಾರ್‌ಗೆ ತನ್ನಿ. ಗಾಳಿ ಹೋದಂತೆ ಒತ್ತಡಮಾಪಕದ ಮುಳ್ಳು ಇಳಿಯುತ್ತದೆ, ಮತ್ತೆ ತುಂಬಬೇಕು. ಬಸಿದ ನೀರಿನ ಜೊತೆ ತುಕ್ಕುನಿರೋಧಕವೂ ಹೋಗಿರುತ್ತದೆ. ಸಾಮಾನ್ಯವಾಗಿ 100 ಲೀಟರ್ ನೀರಿಗೆ 1 ಲೀಟರ್ ಡಬ್ಬಿ, ಡಬ್ಬಿಯ ಮೇಲಿನ ಅಳತೆಯೇ ಕೊನೆಯ ಮಾತು.

‘ಲಾಕ್‌ಶೀಲ್ಡ್ ವಾಲ್ವ್’ (ರೇಡಿಯೇಟರಿನ ಒಂದು ತುದಿಯಲ್ಲಿ ನೀರಿನ ಹರಿವನ್ನು ಹೊಂದಿಸುವ ಮುಚ್ಚಳದ ವಾಲ್ವ್) ಹಾಗೆಯೇ ಇರಲಿ, ಅಂಗಡಿಯಲ್ಲಿ ಕೇಳುವ ಹೆಸರು ಅದೇ. ಅದನ್ನು ಮುಚ್ಚುವಾಗ ಎಷ್ಟು ‘ಸುತ್ತು’ ತಿರುಗಿತೆಂದು ಬರೆದಿಡಲು ಕೈಪಿಡಿ ಹೇಳಬೇಕು. ಮತ್ತೆ ಅಷ್ಟೇ ತೆರೆಯದಿದ್ದರೆ ಒಂದು ಕೋಣೆ ಕಾದು ಇನ್ನೊಂದು ತಣ್ಣಗಿರುತ್ತದೆ. ‘ತಿರುವು’ ಬೇಡ, ರಸ್ತೆಯ ನೆನಪಾಗುತ್ತದೆ.