ಅಪ್‌ಡೇಟ್: ಹಲ್ಲಿನ ಅಸೆಂಡರ್ ಒಂದೇ ಸಾಕಾ ಎಂದು ಕೇಳಿದ್ದೆನಲ್ಲ

ಅಪ್ಪೆಮಿಡಿ ಕೊಯ್ಯಲು ಹಗ್ಗ ಹತ್ತುವಾಗ ಹಲ್ಲಿರುವ ಹ್ಯಾಂಡ್ ಅಸೆಂಡರ್ (ಹಗ್ಗದಲ್ಲಿ ಮೇಲಕ್ಕೆ ಮಾತ್ರ ಜಾರುವ, ಕೆಳಗೆ ಎಳೆದರೆ ಹಲ್ಲಿನಿಂದ ಕಚ್ಚಿ ಹಿಡಿಯುವ ಹಿಡಿಕೆ) ಒಂದನ್ನೇ ನಂಬಬಹುದಾ ಎಂದು ಕೇಳಿದ್ದೆ. ಬೇಡ ಎಂದಿರಿ. ಅಷ್ಟರಲ್ಲೇ ಅನುಭವವೂ ಆಯಿತು.

ಮೇಲಿನ ಕೊಂಬೆಯ ಮೇಲೆ ನಿಂತಿದ್ದೆ, ಹಗ್ಗ ಎರಡಡಿ ಸಡಿಲ ಇತ್ತು. ಕಾಲು ಜಾರಿತು. ಅಸೆಂಡರ್ ಹಿಡಿಯಿತು, ನಿಜ. ಇಳಿದು ನೋಡಿದರೆ ಹಗ್ಗದ ಹೊರಪದರ ಗೇಣುದ್ದ ಸುಲಿದು ಒಳಗಿನ ಬಿಳಿ ಎಳೆ ಕಾಣುತ್ತಿತ್ತು!

ಯುರೋಪಿನ ಇಎನ್ 567 ಮಾನದಂಡ ಈ ಸಾಧನಕ್ಕೆ ಕೇಳುವುದು 4 ಕಿಲೋನ್ಯೂಟನ್, ಅಂದರೆ ಸುಮಾರು 400 ಕೆಜಿ ಭಾರ. ಸುಮ್ನೆ ನೇತಾಡಲು ಧಾರಾಳ. ಬಿದ್ದಾಗಿನ ಜರ್ಕ್ ಲೆಕ್ಕವೇ ಬೇರೆ. ಮೇಲೆ ಹೋದಷ್ಟೂ ಅದು ಜಾಸ್ತಿ. ಮೇಲೆ ಹಗ್ಗ ಕಟ್ಟಿದ ಜಾಗಕ್ಕೂ ನಮಗೂ ನಡುವೆ ಉಳಿದಿರುವುದೇ ಗಿಡ್ಡ ತುಂಡು, ಹಿಗ್ಗಿ ಹೊಡೆತ ನುಂಗಲು ಅದಕ್ಕೆ ಆಗಲ್ಲ ಅಲ್ವಾ. ನಾನು ಉಲ್ಟಾ ಅಂದುಕೊಂಡಿದ್ದೆ.

ಹಳೆ ಹಗ್ಗವನ್ನು ತುಂಡು ಮಾಡಿ ದನ ಕಟ್ಟಲು ಕೊಟ್ಟೆ. ಈಗ 11 ಮಿಮೀ ಹೊಸ ಹಗ್ಗ, ಅಸೆಂಡರ್ ಮೇಲೊಂದು ಪ್ರೂಸಿಕ್ ಗಂಟು (ಭಾರ ಬಿದ್ದರೆ ಹಗ್ಗವನ್ನು ಬಿಗಿದು ಹಿಡಿಯುವ ಸುತ್ತುಗಂಟು). ಸಡಿಲ ಬಿಡುವುದಿಲ್ಲ. ಹತ್ತುವುದು ನಿಧಾನ ಆಗಿದೆ, ಕೆಳಗೆ ನಿಂತವರ ಬೈಗುಳ ಕಮ್ಮಿಯಾಗಿದೆ.